ಪಿಂಕಿಯ ಮಾತಿಗೆ ‘ರಿ’ ಹಚ್ಚಲು ಹೋಗಿ

“ಒಂದೇ ವಾರದಲ್ಲಿ ಪಿಂಕಿ ಆಡುವ ಪ್ರತಿ ಕ್ರಿಯಾಪದಕ್ಕೂ ‘ರಿ’ ಹಚ್ಚದಿದ್ದರೆ ನಾನು ಯಾದಗಿರಿಯ ಹಣಮಂತರಾಯರ ಮಗನೇ ಅಲ್ಲ!” ಎಂದು ಘೋಷಿಸಿಬಿಟ್ಟೆ.

ನಾವಿದ್ದ ತೆಲುಗು ಸೀಮೆಯ ಕೊಂಡಾಪುರದಲ್ಲಿ ದಿನಕ್ಕೊಂದು ಐಟಿ ಆಫೀಸು ಏಳುತ್ತಿದ್ದ ಕಾಲ. ಮಗುವನ್ನು ನೋಡಿಕೊಳ್ಳಲು ಅವ್ವ ಊರಿಂದ ಬರುವವಳಿದ್ದಳು. “ಒಗ್ಗಿದರ ನಿಲ್ತೀನಿ, ಇಲ್ಲಂದ್ರ ಇಲ್ಲ” ಎಂದಿದ್ದಳು. ಅವಳು ನಿಂತರೆ ಮಾತ್ರ ನನ್ನ ಹೆಂಡತಿ ರೇಣುಕಾ ಮತ್ತೆ ಕೆಲಸಕ್ಕೆ ಹೋಗಬಹುದು. ಅವ್ವನೋ ಹಿರಿಯರಿಗೆ ಏಕವಚನ ಬಳಸಿದರೆ ಗಂಟುಮೂಟೆ ಕಟ್ಟುವ ಪೈಕಿ. ನಮ್ಮ ಮೂರು ವರ್ಷದ ಮಗಳು ಪಿಂಕಿಗೆ ಬರುತ್ತಿದ್ದುದು ಬಾ, ಕೊಡು, ಹೋಗು ಅಷ್ಟೇ.

“ಹುಡುಗ್ರು ಕಲಿಸಿದ್ದ ಕಲಿಯೂದಿಲ್ಲ, ಕೇಳಿದ್ದ ಕಲೀತಾವ” ಎಂದಳು ರೇಣುಕಾ. ನಾವಿಬ್ಬರೂ ಕಾಲೇಜಿನಿಂದಲೂ ಹೋಗು-ಬಾ ಜೋಡಿ. ಅವ್ವನ ಎದುರಿಗೆ ಮಾತ್ರ ನನಗೂ ‘ರಿ’ ಹಚ್ಚುವುದೆಂದು ನಾನು ಬಹಳ ಗೋಗರೆದ ಮೇಲೆ ಒಪ್ಪಿಕೊಂಡಳು.

ಸರಿ, ಪಿಂಕಿಗೇ ಬಹುವಚನ ಶುರು ಮಾಡಿದೆ. “ಹಾಲು ಕುಡೀರಿ. ಮಲಕೋರಿ.” ಹುಡುಗಿ ಒಂದು ‘ರಿ’ ಕಲಿತದ್ದೇ ತಡ, ಕಂಡಕಂಡಲ್ಲಿ ಹಚ್ಚತೊಡಗಿದಳು. ಕಾಗೆಗೆ “ಹಾರ್ರಿ”, ಲಿಫ್ಟಿಗೆ “ನಿಲ್ರಿ”, ಬೀದಿನಾಯಿಗೆ “ಬೊಗಳ್ರಿ”. ನಾಯಿಗೂ ಇಷ್ಟು ಮರ್ಯಾದೆಯೇ ಎಂದು ವಾಚ್‌ಮನ್ ತೆಲುಗಿನಲ್ಲಿ ಕೇಳಿ ನಕ್ಕ. ನನ್ನ ತಲೆ ಚಿಟ್ಟು ಹಿಡಿಯಿತು.

ಅವ್ವ ಬಂದಳು. “ಬರ್ರಿ ಅಜ್ಜಿ, ಕೂಡ್ರಿ” ಎಂದಳು ಪಿಂಕಿ. ಅವ್ವ ಕರಗಿ ನೀರಾದಳು. “ರೀ, ಊಟಕ್ಕ ಏಳ್ರಿ” ಎಂದಳು ರೇಣುಕಾ, ಹಲ್ಲು ಕಚ್ಚಿಕೊಂಡು. ನಾನು ಗೌಡನ ಗತ್ತಿನಲ್ಲಿ ಉಂಡು, ಕೈ ತೊಳೆದು ಸೋಫಾದ ಮೇಲೆ ಉರುಳಿದೆ. ಅಡುಗೆಮನೆಯಲ್ಲಿ ತಿಕ್ಕಬೇಕಾದ ಪಾತ್ರೆ-ಬಾಂಡೆ ರಾಶಿ ಬಿದ್ದಿತ್ತು.

ಪಿಂಕಿ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. ಥೇಟ್ ಅವಳ ಅಮ್ಮ ನನ್ನನ್ನು ಹೆಸರು ಹಿಡಿದು ಗದರುವ ದನಿ.

“ಮಹೇಶ, ಬಿದ್ಕೊಂಡೇನ? ಏಳು! ಬಾಂಡೆ ತಿಕ್ಕಾಕ ನಿಮ್ಮಪ್ಪ ಬರ್ತಾನೇನು?”

ಅವ್ವ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದಳು. ರೇಣುಕಾಳ ನೌಕರಿ ಹೋಯಿತೆಂದೇ ನಾನು ಲೆಕ್ಕ ಹಾಕಿದೆ.

“ರೇಣುಕಾ, ಹಿಂಗಂದ್ರ ಇವ ತಿಕ್ತಾನ?” ಎಂದು ಕೇಳಿದಳು ಅವ್ವ.

“ತಿಕ್ತಾರ್ರಿ, ಅತ್ತಿ” ಎಂದಳು ರೇಣುಕಾ ನೆಲ ನೋಡುತ್ತ.

“ನಲವತ್ತ ವರ್ಷ ನಾ ರೀ ರೀ ಅಂದೆ. ನಿಮ್ಮ ಮಾವ ಒಂದ ಲೋಟ ತೊಳದಿಲ್ಲ.” ಅವ್ವ ಪಿಂಕಿಯನ್ನು ತೊಡೆಯ ಮೇಲೆ ಕೂರಿಸಿಕೊಂಡಳು. “ನಾ ಇನ್ನ ಇಲ್ಲೇ ಇರ್ತೀನಿ. ಎಲ್ಲಾ ಕಲತ, ಊರಿಗಿ ಹೋದಾಗ ನಿಮ್ಮ ಮಾವಗೂ ಅಂತೀನಿ. ಇನ್ನೊಮ್ಮಿ ಹೇಳವ್ವ, ಸಾವಕಾಶ ಹೇಳು. ‘ಏಳು’ ಅನಬೇಕು. ಆಮ್ಯಾಲ?”

ಪಾಠಕ್ಕೆ ಅಡ್ಡಿಯಾಗಬಾರದೆಂದು ನಾನು ಎದ್ದು ಬಾಂಡೆ ತಿಕ್ಕಲು ಹೋದೆ.