ಅವ್ವನ ಹಚ್ಚೆ ನುಂಗಿದ ಫೋನು

ಫೋನಿನ ಕ್ಯಾಮೆರಾದ ಇಂಥ ಪಜೀತಿಯೊಂದನ್ನು ಮೊದಲು ನನಗೆ ಹೇಳಿದವರು ಶಿರಾದ ಟೈಲರ್ ಸಾಬರು. ಆವತ್ತು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಆಮೇಲೆ ಅದೇ ಕಥೆ ನೆಂಟರ ಮನೆಯಲ್ಲಿ ಆಯಿತು, ಕೊನೆಗೆ ನಮ್ಮ ಮನೆಗೇ ಬಂತು. ಫೋನಿನ ಕ್ಯಾಮೆರಾ ಇರುವವರೆಗೂ ಇವು ಆಗುತ್ತಲೇ ಇರುತ್ತವೆ. ನನಗೆ ಮಾತ್ರ ಈಗ ನಗು ಬರುವುದಿಲ್ಲ, ಮೈ ಉರಿಯುತ್ತದೆ.

ನಮಗೆ ಬೇಕಿದ್ದದ್ದು ಒಂದೇ ಒಂದು ಫೋಟೋ. ಗೋಡೆಯ ಮೇಲೆ ತೀರಿಹೋದ ಅಪ್ಪನ ಫೋಟೋ ಪಕ್ಕದಲ್ಲಿ ತನ್ನದೂ ಇರಬೇಕು, ಕಣ್ಣು ಮುಚ್ಚುವ ಮೊದಲೇ ಅದನ್ನು ನೋಡಬೇಕು ಅಂತ ಅವ್ವ ಆಸೆಪಟ್ಟಿದ್ದಳು. ಅದಕ್ಕೆಂದೇ ಮಧುಗಿರಿಯಲ್ಲಿ ಹೊಸ ಫೋನು ಕೊಂಡೆ. ಅಂಗಡಿಯವನು ‘ಪ್ರೊ ಮೋಡ್’ ಎಂಬುದನ್ನು ತೆರೆದು, “ಬೆಳಕು, ಬಣ್ಣ, ಎಲ್ಲಾ ನಿಮ್ಮ ಕೈಯಲ್ಲೇ ಯಜಮಾನ್ರೇ” ಅಂದ. ಆ ಮಾತು ನೆನಪಿಟ್ಟುಕೊಳ್ಳಿ.

೧. ಬದನೆಕಾಯಿ ಬಣ್ಣ

ಸಾಬರ ಫೋನಿನಲ್ಲೂ ಈ ಪ್ರೊ ಇದೆ. ಕೊರಟಗೆರೆಯ ಒಬ್ಬ ಹೆಂಗಸು ರವಿಕೆಗೆ ಬದನೆಕಾಯಿ ಬಣ್ಣದ ಬಟ್ಟೆ ಬೇಕೆಂದಳಂತೆ. ಸಾಬರು ಬಟ್ಟೆಯ ಫೋಟೋ ತೆಗೆದರೆ ಅದು ನೀಲಿ. ಪರದೆಯ ಮೇಲೆ ಬಣ್ಣ ಬದಲಿಸುವ ಗೆರೆಯನ್ನು ಬೆರಳಿನಿಂದ ಅತ್ತ ತಳ್ಳಿದರೆ ಕೆಂಪು, ಇತ್ತ ಎಳೆದರೆ ಮತ್ತೆ ನೀಲಿ. ಬೇಸತ್ತು ನಡುವಿನದೊಂದನ್ನು ಕಳಿಸಿದರು. ಅವಳೂ ಒಪ್ಪಿದಳು. ರವಿಕೆ ಹೊಲಿದು ಕೊಟ್ಟಾಗ ಶುರುವಾಯಿತು ಜಗಳ.

“ಇದಲ್ಲ ಸಾಬ್ರೇ, ಫೋನಲ್ಲಿತ್ತಲ್ಲ, ಆ ಬಣ್ಣ ಬೇಕು.”

“ಅಲ್ಲಾ ಕಸಂ ತಾಯಿ, ಆ ಬಣ್ಣ ದುನಿಯಾದಲ್ಲೇ ಇಲ್ಲ. ಬೇಕೇ ಬೇಕು ಅಂದ್ರೆ ಫೋನಿಗೇ ತೋಳು ಹೊಲ್ದುಕೊಡ್ತೀನಿ, ಹಾಕ್ಕೊಳಿ!”

೨. ಅಲ್ಲಾಡದ ಕಿಂಡಿ

ನನ್ನ ಷಡ್ಡಕ ಗಡಿಯ ತಿರುಮಣಿಯವನು, ರೇಗಿದರೆ ಮಾತಿನಲ್ಲಿ ತೆಲುಗು ನುಗ್ಗುತ್ತದೆ. ಫೋನಿನ ವಿಚಾರದಲ್ಲಿ ತಾನೇ ಪಂಡಿತ ಅನ್ನುವವನು. ಅವ್ವನ ಫೋಟೋ ಹೇಗೆ ತೆಗೆಯುವುದು ಅಂತ ಕೇಳಲು ಹೋದೆ. ಮೊದಲು ಇವಳದ್ದು ತೆಗೆದು ತೋರಿಸುತ್ತೇನೆ ಅಂತ ಹೆಂಡತಿಯನ್ನು ಊರಾಚೆಯ ಸೋಲಾರ್ ಪ್ಲೇಟುಗಳ ಮುಂದೆ ನಿಲ್ಲಿಸಿದ. ಪ್ಲೇಟಿನ ಝಳಪಿಗೆ ಫೋಟೋದಲ್ಲಿ ಅವಳ ಮುಖ ಇದ್ದಿಲಾಯಿತು. ಬೆಳಕು ಹೆಚ್ಚಿಸಿದ, ಹಿಂದೆ ಇದ್ದದ್ದೆಲ್ಲ ಸುಣ್ಣವಾಯಿತು. ಬೆಳಕು ಬರುವ ಕಿಂಡಿಯ ಅಳತೆ ಅಂತ ಒಂದು ಅಂಕಿ ಮೂಲೆಯಲ್ಲಿತ್ತು. ಎಷ್ಟು ಒತ್ತಿದರೂ ಅದು ಕದಲಲಿಲ್ಲ. ರೇಗಿ, ತಾನು ಆ ಫೋನು ಕೊಂಡ ಅಂಗಡಿಗೇ ಕರೆ ಮಾಡಿದ.

“ಅದು ಫಿಕ್ಸ್ ಸಾರ್, ಬದಲಾಗಲ್ಲ.”

“ಏಮಯ್ಯಾ, ಬದಲಾಗ್ದಿದ್ ಮೇಲೆ ಎಂದುಕು ಬರೆದಿದ್ದೀರಿ?”

ಅಂಗಡಿಯವನು ಉತ್ತರ ಕೊಡುವ ಮೊದಲೇ ಹೆಂಡತಿ ಕೊಟ್ಟಳು: “ಲಗ್ನಪತ್ರಿಕೇಲಿ ಯಜಮಾನ್ರು ಅಂತ ನಿಮ್ಮೆಸ್ರು ಹಾಕ್ಸಲ್ವಾ? ಹಂಗೇ, ತೋರ್ಸಕ್ಕೆ.”

೩. ಯಾರ್ಲಾ ಇವ್ಳು?

ಅವ್ವನ ಹಣೆಯಲ್ಲಿ ಹಚ್ಚೆಯ ಬೊಟ್ಟಿದೆ. ಚಿಕ್ಕಂದಿನಲ್ಲಿ ಅತ್ತು ಕರೆದು ಹೊಯ್ಯಿಸಿಕೊಂಡದ್ದು. “ಹೋಗುವಾಗ ಸೀರೆ ಬರಲ್ಲ, ಓಲೆ ಬರಲ್ಲ. ಜೊತೇಲಿ ಬರೋದು ಹಚ್ಚೆ ಒಂದೇ ಕಣ್ಲಾ” ಅನ್ನುತ್ತಾಳೆ. ಫೋಟೋದಲ್ಲಿ ಅದು ಕಾಣಲೇಬೇಕು ಅಂದಳು.

ನಾನು ತೆಗೆದೆ. ಮುಖ ಸುಲಿದ ಮೊಟ್ಟೆಯಂತೆ ಬಂತು. ಸುಕ್ಕಿಲ್ಲ, ಹಚ್ಚೆಯೂ ಇಲ್ಲ. ಬೆಳಕು ಇಳಿಸಿದೆ, ಏರಿಸಿದೆ, ಮೊಟ್ಟೆ ಮೊಟ್ಟೆಯೇ. ಸಾವೂ ಅಳಿಸದ್ದನ್ನು ಈ ಡಬ್ಬಿ ಅಳಿಸಿತ್ತು. ಗೊರವನಹಳ್ಳಿ ದೇವಿಗೆ ಕೈಮುಗಿದು, ನನ್ನ ಕೋಪ ಇಳಿಸಮ್ಮಾ ಅಂದೆ. ಇಳಿಯಲಿಲ್ಲ. ಅವ್ವನನ್ನು ಕರೆದುಕೊಂಡು ಮಧುಗಿರಿಯ ಅದೇ ಅಂಗಡಿಗೆ ಹೋದೆ.

ಅಂಗಡಿಯವನು ಮುಖ ಚೆಂದ ಮಾಡುವುದನ್ನು ಪೂರ್ತಿ ಆಫ್ ಮಾಡಿದ. ಪ್ರೊ ಹಾಕಿ ತಾನೇ ತೆಗೆದ. ಅದೇ ಮೊಟ್ಟೆ.

“ಅದು ಒಳಗೊಳಗೇ ಮಾಡ್ಬಿಡುತ್ತೆ ಯಜಮಾನ್ರೇ, ನಮ್ಮ ಕೈಯಲ್ಲಿಲ್ಲ.”

“ಎಲ್ಲಾ ನನ್ನ ಕೈಯಲ್ಲೇ ಅಂದ್ಯಲ್ಲಯ್ಯಾ!” ನನ್ನ ಕೂಗಿಗೆ ಬೀದಿಯವರು ತಿರುಗಿ ನೋಡಿದರು. “ಬೆಳಕಿಗೆ ಗೆರೆ ಇಟ್ಟವ್ರೆ, ಬಣ್ಣಕ್ಕೆ ಗೆರೆ ಇಟ್ಟವ್ರೆ. ಇದ್ದದ್ದನ್ನ ಇದ್ದಂಗೆ ಬುಡು ಅನ್ನೋಕೆ ಒಂದು ಗೆರೆ ಇಲ್ವಾ?”

ಅವನು ಅವ್ವನಿಗೆ ಬೆಣ್ಣೆ ಹಚ್ಚಲು ಹೋದ: “ನೋಡಿ ಅಜ್ಜಿ, ಎಷ್ಟು ಚಿಕ್ಕೋರಾಗಿ ಬಂದಿದ್ದೀರಿ!”

ಅವ್ವ ಫೋನನ್ನು ಕಣ್ಣಿನ ಹತ್ತಿರ ಹಿಡಿದಳು. “ಯಾರ್ಲಾ ಇವ್ಳು?”

“ನೀನೇ ಕಣವ್ವ.”

“ನಾನಾ? ಬದುಕಿದ್ದಾಗಲೇ ನಿಮ್ಮಪ್ಪನ ಪಕ್ಕ ಇನ್ನೊಬ್ಳನ್ನ ಸುಳಿಯಕ್ಕೆ ಬುಡ್ಲಿಲ್ಲ, ಈಗ ಬುಡ್ತೀನಾ?” ಫೋನನ್ನು ಅಂಗಡಿಯವನ ಕೈಗೆ ತುರುಕಿದಳು. “ತಗಳಪ್ಪ, ಇವ್ಳನ್ನ ನಿಮ್ಮನೇಲೇ ನೇತಾಕ್ಕೋ. ನಿನ್ನೆಂಡ್ರು ಏನಂತಾಳೋ ನೋಡಾನ!”

ಅಪ್ಪನ ಪಕ್ಕದ ಮೊಳೆ ಇನ್ನೂ ಖಾಲಿ. ಇದನ್ನು ಓದಿದವರು ಇನ್ನೊಬ್ಬರಿಗೆ ಹೇಳಿ, ಅವರು ಮತ್ತೊಬ್ಬರಿಗೆ ಹೇಳಲಿ. ಈ ಫೋನು ಮಾಡುವವನ ಕಿವಿಗೆ ಒಂದಲ್ಲ ಒಂದು ದಿನ ಬೀಳಲಿ. ಹೇಳುವಾಗ ಮಾತ್ರ ನೀವೂ ಚೆಂದ ಮಾಡಲು ಹೋಗಿ ಅವ್ವನ ಹಚ್ಚೆ ಅಳಿಸಬೇಡಿ.