ನಡುಮನೆಯ ಚೌಕಕಲ್ಲು

"ಇನ್ನು ಮೇಲೆ ಶಿಲ್ಪ ಅಂದ್ರೆ ಮೂಗು, ಕಿವಿ, ಕಿರೀಟ ಏನೂ ಇರಕೂಡದು!" ಎಂದು ತುಮಕೂರಿನ ಡ್ರಾಯಿಂಗ್ ಮೇಷ್ಟ್ರು ಯೋಗನರಸಿಂಹ ಅರವತ್ತಾರನೇ ಇಸವಿಯಲ್ಲಿ ಶಿರಾ ಗೇಟಿನ ತಮ್ಮ ಮನೆಯೊಳಗೆ ಗುಡುಗಿದರು. ಖಾಲಿ ಕೋಣೆಯಲ್ಲಿ ಬರೀ ಚೌಕಗಳನ್ನಿಟ್ಟು ಶಿಲ್ಪಿ ಎನಿಸಿಕೊಂಡವನೊಬ್ಬನ ಚಿತ್ರವನ್ನು ಅಮೆರಿಕದ ಪತ್ರಿಕೆಯಲ್ಲಿ ನೋಡಿ ಆ ಪುಣ್ಯಾತ್ಮರಿಗೆ ಜ್ಞಾನೋದಯವಾಗಿತ್ತು. ಕಲ್ಲಿಗಿಂತ ಅದರ ಸುತ್ತಲಿನ ಖಾಲಿ ಜಾಗವೇ ದೊಡ್ಡದಂತೆ!

ಗೂಳೂರಿನಿಂದ ಚಚ್ಚೌಕ ಕಲ್ಲೊಂದು ಗಾಡಿಯಲ್ಲಿ ಬಂತು. ವಾರವೆಲ್ಲ ಉಜ್ಜಿದ್ದಾಯಿತು. ಖಾಲಿ ಜಾಗ ಬೇಕಲ್ಲ, ನಡುಮನೆಯ ಬೆಂಚು, ಕುರ್ಚಿ, ದೇವರ ಪಟ, ಕೊನೆಗೆ ಚಾಪೆಯೂ ಹಿತ್ತಲು ಸೇರಿದವು.

"ನಾಳೆ ಗುಬ್ಬಿಯಿಂದ ಕಮಲಾಕ್ಷೀನ ನೋಡೋಕೆ ಬರ್ತಾರೆ ಕಣ್ರೀ. ಎಲ್ಲಿ ಕೂರಿಸೋದು?" ಹೆಂಡತಿ ಅಲಮೇಲಮ್ಮ ಅಳುವುದೊಂದು ಬಾಕಿ. ಮಗಳಿಗೆ ಬಂದ ಎರಡು ಸಂಬಂಧ ಆಗಲೇ ತಪ್ಪಿಹೋಗಿದ್ದವು.

"ಕಲೇನ ನಿಂತು ನೋಡ್ಬೇಕು ಕಣೇ!"

ಮರುದಿನ ಮೋಡ ಕವಿದು ನಡುಮನೆ ಕತ್ತಲಾಯಿತು. ನೆರಳು ನೆಟ್ಟಗೆ ಬೀಳಲಿ ಎಂದು ಮೇಷ್ಟ್ರು ಕಲ್ಲಿನ ಪಕ್ಕ ಒಂದೇ ಒಂದು ಎಣ್ಣೆದೀಪ ಹಚ್ಚಿಟ್ಟರು. ವಾರದ ಗಡ್ಡ, ಬರಿಮೈ, ಹೆಗಲ ಮೇಲೊಂದು ಟವಲ್ಲು. ಗೋಡೆಗೊರಗಿ ಕುಳಿತರು.

ಹುಡುಗನ ತಂದೆ ವೆಂಕಟರಂಗಯ್ಯ ಹೊಸ್ತಿಲಲ್ಲೇ ನಿಂತರು. ಕಲ್ಲು ನೋಡಿದರು, ದೀಪ ನೋಡಿದರು, ಗಡ್ಡ ನೋಡಿದರು. ಅವರ ಹೆಂಡತಿ ಹೂವು ಹಣ್ಣಿನ ತಟ್ಟೆಯನ್ನು ಸರಕ್ಕನೆ ಸೆರಗಿನೊಳಗೆ ಮುಚ್ಚಿಕೊಂಡರು. ತುಸು ಹೊತ್ತು ತಲೆ ತಗ್ಗಿಸಿ ನಿಂತಿದ್ದು, ಒಂದು ಮಾತೂ ಆಡದೆ ಎಲ್ಲರೂ ಹೊರಟುಹೋದರು.

ಕೇಸರಿಭಾತು ಹಿಡಿದು ಅಲಮೇಲಮ್ಮ ಬಂದರು. "ಎಲ್ರೀ ಅವ್ರು?"

"ಹೋದ್ರು. ಮಾತೇ ಹೊರಡ್ಲಿಲ್ಲ ಕಣೇ! ಕಲೆ ಅಂದ್ರೆ ಅದು!"

"ಹೋಗ್ಬರ್ತೀವಿ ಅಂದ್ರಾ?"

"ಊಹೂಂ."

ಅಲಮೇಲಮ್ಮ ಕೇಸರಿಭಾತನ್ನು ನೆಲಕ್ಕೆ ಕುಕ್ಕಿದರು. "ಹಾಗೆ ಹೇಳ್ದೆ ಹೊರಡೋದು ಸಾವಿನ ಮನೆಯಿಂದ ಕಣ್ರೀ! ಖಾಲಿ ಮನೆ, ಕಲ್ಲು, ದೀಪ... ಯಾರೋ ತೀರ್ಕೊಂಡಿದಾರೆ ಅಂದ್ಕೊಂಡ್ಬಿಟ್ರು!"

ಒಳಗೆ ಜರಿಸೀರೆ ಉಟ್ಟು ಕೂತಿದ್ದ ಕಮಲಾಕ್ಷಿ ಮುಡಿದ ಮಲ್ಲಿಗೆಯನ್ನು ಮೆಲ್ಲಗೆ ತೆಗೆದಿಟ್ಟಳು. ಅವಳು ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು ಎನಿಸಿತು ಮೇಷ್ಟ್ರಿಗೆ.

ಅಂಗಿ ಸಿಕ್ಕಿಸಿಕೊಳ್ಳುತ್ತಲೇ ಬಸ್‌ಸ್ಟ್ಯಾಂಡಿಗೆ ಓಡಿದರು. ಗುಬ್ಬಿ ಬಸ್ಸು ಇನ್ನೂ ಹೊರಟಿರಲಿಲ್ಲ. ಕಿಟಕಿಯ ಕೆಳಗೆ ನಿಂತು ಏದುಸಿರು ಬಿಡುತ್ತಾ ಕೈಮುಗಿದರು.

"ಸ್ವಾಮೀ, ನಮ್ಮನೇಲಿ ಯಾರೂ ಸತ್ತಿಲ್ಲ! ಅದು ಶಿಲ್ಪ! ನಾನೇ ಮಾಡಿದ್ದು! ಖಾಲಿ ಜಾಗ ಕಾಣ್ಲಿ ಅಂತ ಸಾಮಾನೆಲ್ಲ ನಾನೇ ಹೊರಗೆ ಹಾಕ್ದೆ!"

ವೆಂಕಟರಂಗಯ್ಯ ಅವರನ್ನು ಮೇಲಿಂದ ಕೆಳಗೆ ನೋಡಿದರು. ಮರುಕದಿಂದಲೇ ಹೇಳಿದರು:

"ಯಾರಾದ್ರೂ ಸತ್ತಿದ್ರೆ ಒಂದು ವರ್ಷ ಕಾದು ಮದುವೆ ಮಾಡ್ಕೋತಿದ್ವಿ ಮೇಷ್ಟ್ರೇ. ಇದು ವಾಸಿಯಾಗೋಕೆ ಎಷ್ಟು ವರ್ಷ ಕಾಯೋಣ?"