ತೀರ್ಥಪ್ಪನ ಬಿಳಿ ಸೇಬು

ಅಜ್ಜಂಪುರದ ತೀರ್ಥಪ್ಪನ ಅಂಗಳದ ಮರದಲ್ಲಿ ಬಿಟ್ಟಿದ್ದ ಒಂದೇ ಒಂದು ಸೇಬು ಕೆಂಪಾಗಲೊಲ್ಲದು. ಚಳಿದೇಶದ ತಳಿ, ಬೇಸಿಗೆಯಲ್ಲೇ ಹಣ್ಣಾಗುತ್ತದೆ ಎಂದು ಯಾರೋ ಕೊಟ್ಟ ಸಸಿ ಅದು. ಇಷ್ಟು ವರ್ಷ ಬರೀ ಎಲೆ ಬಿಟ್ಟು, ಈ ಸಲ ಮನಸ್ಸು ಬದಲಾಯಿಸಿತ್ತು.

ಹೆಂಡತಿ ಶಂಕರಮ್ಮ ಮಾತ್ರ ಬದಲಾಯಿಸಿರಲಿಲ್ಲ. "ಸಂಜೆ ತರೀಕೆರೆಯಿಂದ ತೋಟಗಾರಿಕೆಯವ್ರು ಬತ್ತಾರಲ್ಲ, ಅವ್ರು ಸೇಬು ಅಂದ್ರೆ ಮರ ಇರ್ಲಿ. ಇಲ್ಲಾಂದ್ರೆ ಕಡೀರಿ. ನನ್ನ ಸಂಡಿಗೆಗೆ ಬಿಸ್ಲು ಬೇಕು."

ಪಕ್ಕದ ಮನೆಯ ಈರಭದ್ರಪ್ಪ ಕಾಂಪೌಂಡಿನ ಮೇಲೆ ಗದ್ದ ಊರಿದ. "ಇದೇನೋ, ಬೂದುಗುಂಬಳದ ಮರಿ ಇದ್ದಂಗಿದೆ?"

"ನಿನ್ನೆನೇ ಕಿತ್ತು ಹುಲ್ಲಲ್ಲಿ ಹಾಕಿದ್ರೆ ಇಷ್ಟೊತ್ತಿಗೆ ಕೆಂಪಾಗ್ತಿತ್ತು," ಎಂದಳು ಎದುರು ಮನೆಯ ಪಾಪಮ್ಮ.

"ಬಂದವ್ರಿಗೆ ಕೆಂಪು ತೋರಿಸ್ಬೇಕಪ್ಪಾ," ಈರಭದ್ರಪ್ಪ ದನಿ ತಗ್ಗಿಸಿದ. "ಕಡೂರಿಂದ ಒಂದು ತಂದು ಕಟ್ಟು. ಮರ ನಿಂದೇ ತಾನೆ, ಹಣ್ಣು ಯಾರ್ದಾದ್ರೇನು?"

ತೀರ್ಥಪ್ಪ ಬಸ್ಸು ಹತ್ತಿದ. ಕಡೂರಿನ ಹಣ್ಣಿನಂಗಡಿಯವನು ಕೆಂಪು ಸೇಬನ್ನು ಒರೆಸುತ್ತ ಕೇಳಿದ: "ಒಂದೇನಾ? ಯಾರಿಗೆ ಹುಷಾರಿಲ್ಲ?"

"ಮರಕ್ಕೆ."

ಮನೆಗೆ ಬಂದು ಏಣಿ ಹತ್ತಿ ಮುಟ್ಟಿದ್ದೇ ತಡ, ಬಿಳಿ ಹಣ್ಣು ತಾನಾಗಿ ಅಂಗೈಗೆ ಬಂತು. ಮೂಗಿಗೆ ಹಿಡಿದ. ಯಾವ ಅಂಗಡಿಯಲ್ಲೂ ಕಾಣದ ಘಮ. ಇದರ ರುಚಿ ಹೇಗಿದ್ದೀತು? ಕಚ್ಚಬೇಕೆಂದು ಬಾಯಿ ತೆರೆದಾಗ ಹೊರಗೆ ಸ್ಕೂಟರ್ ನಿಂತ ಸದ್ದು. ಗಾಬರಿಯಲ್ಲಿ ಹಣ್ಣನ್ನು ಎಮ್ಮೆಯ ಬಾನಿಗೆ ಎಸೆದು, ಕೆಂಪನ್ನು ದಾರದಲ್ಲಿ ಬಿಗಿದು ಇಳಿದ. ಎಮ್ಮೆ ಬೀಜವನ್ನೂ ಉಳಿಸಲಿಲ್ಲ.

ತೋಟಗಾರಿಕೆಯ ಸೌಮ್ಯ ಕತ್ತೆತ್ತಿ ನೋಡಿದಳು. "ಸೇಬೇ."

ತೀರ್ಥಪ್ಪ ಉಸಿರು ಬಿಟ್ಟ.

"ಆದ್ರೆ ಈ ಮರದ್ದಲ್ಲ. ನೀವು ಹೇಳಿದ ಜಾತಿ ಹಣ್ಣಾದ್ರೂ ಬೆಳ್ಳಗೇ ಇರುತ್ತೆ. ಇಂಥ ಬಿಸಿಲಲ್ಲಿ ಅದು ಹೆಂಗೆ ಬಿಡ್ತು ಅಂತ ನೋಡೋಕೇ ಬಂದೆ. ಫೋನಲ್ಲಿ ಹೇಳಿದ್ರಲ್ಲ, ಆ ಬಿಳೀ ಹಣ್ಣೆಲ್ಲಿ? ಅದನ್ನ ನೋಡ್ದೆ ನಾನೇನೂ ಹೇಳಲ್ಲ."

ತೀರ್ಥಪ್ಪ ಬಾನಿಯ ಕಡೆ ನೋಡಿದ. ಎಲ್ಲರೂ ನೋಡಿದರು.

"ನಾನು ಆವಾಗ್ಲೇ ಅಂದೆ, ಬಿಳೀದೇ ಇರ್ಲಿ ಅಂತ," ಎಂದ ಕಾಂಪೌಂಡಿನಾಚೆಯಿಂದ ಈರಭದ್ರಪ್ಪ.

ಶಂಕರಮ್ಮ ಒಳಗಿನಿಂದ ಕೊಡಲಿ ತಂದು ಗಂಡನ ಕೈಗಿಟ್ಟಳು. "ತಿಂದಿರೋದು ಈ ಎಮ್ಮೆ ಒಂದೇ. ಅದು ಸೇಬು ಅಂದ್ರೆ ಮರ ಬಿಡ್ತೀನಿ, ಕೇಳಿ."

ಎಮ್ಮೆ ಮೂತಿ ನೆಕ್ಕಿಕೊಂಡು ಮರದತ್ತ ಕತ್ತು ಚಾಚಿ, ಇನ್ನೊಂದು ಬಿದ್ದೀತೆಂದು ಕಾಯುತ್ತಿತ್ತು.